ಅಂತೆಯ ಆಚೆ

2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೇರಿದ ಪುಟ್ಟ ವಿಮಾನ ನಿಮಿಷಗಳೊಳಗೆ ನೆಲಕ್ಕೆ ಬಿತ್ತು. ನಟಿ ಸೌಂದರ್ಯ, ಅವರ ಅಣ್ಣ, ಜೊತೆಗಿದ್ದ ಇನ್ನೊಬ್ಬರು, ಪೈಲಟ್, ನಾಲ್ವರೂ ತೀರಿಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಮಾತಿನ ಕೊನೆಗೆ ‘ಅಂತೆ’ ಸೇರಿಕೊಳ್ಳುತ್ತದೆ. ಇಂಜಿನ್ ಕೆಟ್ಟಿತ್ತಂತೆ, ಭಾರ ಹೆಚ್ಚಾಗಿತ್ತಂತೆ, ಪೈಲಟ್ ತಪ್ಪಂತೆ. ‘ನಾನು ಕಂಡಿಲ್ಲ, ಕೇಳಿದ್ದೇನೆ’ ಎಂದು ಒಪ್ಪಿಕೊಳ್ಳುವ ಆ ಎರಡಕ್ಷರದ ಬಗ್ಗೆ ನನಗೆ ಗೌರವವಿದೆ. ನನ್ನ ಆತಂಕ ನಾಲ್ಕು ದಿನ ಕಳೆದ ಮೇಲಿನದು. ಅಷ್ಟರಲ್ಲಿ ‘ಅಂತೆ’ ಉದುರಿಹೋಗಿ ‘ಪೈಲಟ್ ತಪ್ಪು’ ಮಾತ್ರ ಉಳಿದಿರುತ್ತದೆ.

ಇದನ್ನು ಯೋಚಿಸುವಾಗ ನನ್ನ ಮನಸ್ಸು ಅಮೆರಿಕದ ಅಯೋವಾದ ಒಂದು ಜೋಳದ ಹೊಲಕ್ಕೆ ಹೋಗುತ್ತದೆ. 1959ರ ಫೆಬ್ರವರಿ 3, ನಡುರಾತ್ರಿ ಕಳೆದು ಒಂದು ಗಂಟೆಗೆ ಇನ್ನೇನು ಐದು ನಿಮಿಷ. ರಾಕ್ ಅಂಡ್ ರೋಲ್ ಗಾಯಕರಾದ ಬಡಿ ಹಾಲಿ, ರಿಚಿ ವ್ಯಾಲೆನ್ಸ್, ಜೆ.ಪಿ. ರಿಚರ್ಡ್‌ಸನ್ ಹೀಟರ್ ಕೆಟ್ಟ ಬಸ್ಸಿನ ಚಳಿಗೆ ಬೇಸತ್ತು ಬಾಡಿಗೆಯ ಬೀಚ್‌ಕ್ರಾಫ್ಟ್ ಬೊನಾಂಜಾ ಹತ್ತಿದರು. ವ್ಯಾಲೆನ್ಸ್‌ಗೆ ಇನ್ನೂ 17 ವರ್ಷ. ನಡೆಸುತ್ತಿದ್ದ ರೋಜರ್ ಪೀಟರ್‌ಸನ್‌ಗೆ 21. ವಿಮಾನದ ಮಾಲೀಕ ನಿಂತು ನೋಡುತ್ತಿದ್ದಂತೆಯೇ ಬಾಲದ ದೀಪ ಮೆಲ್ಲಗೆ ಕೆಳಗಿಳಿದು ಕಣ್ಮರೆಯಾಯಿತು. ಬೆಳಿಗ್ಗೆ ಹಿಮದ ಹೊಲದಲ್ಲಿ ನಾಲ್ಕು ದೇಹಗಳು ಸಿಕ್ಕವು.

ಹಿಮ ಕರಗಿದ ಮೇಲೆ ಅದೇ ಹೊಲದಲ್ಲಿ ಹಾಲಿಯ ಪಿಸ್ತೂಲು ದೊರೆತದ್ದೇ ತಡ, ಒಳಗೆ ಯಾರೋ ಗುಂಡು ಹಾರಿಸಿರಬೇಕೆಂಬ ಕತೆ ಹುಟ್ಟಿತು. ಅದು ಎಷ್ಟು ಕಾಲ ಬದುಕಿತೆಂದರೆ, 2007ರಲ್ಲಿ ರಿಚರ್ಡ್‌ಸನ್ನರ ಮಗನೇ ಮುಂದೆ ನಿಂತು ತಂದೆಯ ಗೋರಿ ತೆಗೆಸಿ ಪರೀಕ್ಷೆ ಮಾಡಿಸಿದರು. ಗುಂಡಿನ ಗುರುತಿರಲಿಲ್ಲ. ಅಪ್ಪನನ್ನು ಕಾಣುವ ಮೊದಲೇ ಕಳೆದುಕೊಂಡ ಮಗ ಅವರು. ಆ ಹಟವನ್ನು ನಾನು ಹಗುರವಾಗಿ ಕಾಣಲಾರೆ. ದುಃಖಕ್ಕೆ ಕಾರಣ ಬೇಕು, ಸಿಗದಿದ್ದರೆ ಅದು ತಾನೇ ಒಂದನ್ನು ಹೆಣೆದುಕೊಳ್ಳುತ್ತದೆ.

ತನಿಖೆ ಹೇಳಿದ್ದು ಬೇರೆ. ಚುಕ್ಕಿಯೂ ದೀಪವೂ ಇಲ್ಲದ ಕತ್ತಲಲ್ಲಿ ದಿಗಂತ ಕಾಣುವುದಿಲ್ಲ. ಚಿಕ್ಕವರಿದ್ದಾಗ ಗಿರಗಿರ ಸುತ್ತಿ ಥಟ್ಟನೆ ನಿಂತರೆ ನೆಲವೇ ತಿರುಗುತ್ತಿತ್ತಲ್ಲ, ಅದೇ ಒಳಕಿವಿ ಅಲ್ಲಿ ಇನ್ನೂ ದೊಡ್ಡ ಸುಳ್ಳು ಹೇಳುತ್ತದೆ. ವಿಮಾನ ವಾಲಿ ಇಳಿಯುತ್ತಿದ್ದರೂ ಮೈಗೆ ನೆಟ್ಟಗಿದ್ದೇವೆ ಅನ್ನಿಸುತ್ತದೆ. ಆಗ ಮೈಯನ್ನು ಬಿಟ್ಟು ಉಪಕರಣವನ್ನು ನಂಬಬೇಕು. ಪೀಟರ್‌ಸನ್‌ಗೆ 711 ಗಂಟೆಗಳ ಹಾರಾಟದ ಅನುಭವವಿತ್ತು, ಆದರೆ ಉಪಕರಣ ನೋಡಿಯೇ ಹಾರುವ ಅರ್ಹತೆ ಇರಲಿಲ್ಲ. ಆ ಹಾರಾಟ ಪರೀಕ್ಷೆಯಲ್ಲಿ ಹಿಂದಿನ ವರ್ಷ ಫೇಲಾಗಿದ್ದ. ಸಾಲದ್ದಕ್ಕೆ, ಮೂತಿ ಮೇಲಿದೆಯೋ ಕೆಳಗಿದೆಯೋ ಎಂದು ತಿಳಿಸುವ ಆ ವಿಮಾನದ ಉಪಕರಣ, ಅವನು ಕಲಿತದ್ದಕ್ಕೆ ತದ್ವಿರುದ್ಧವಾಗಿ ತೋರಿಸುತ್ತಿತ್ತು. ಹವಾಮಾನ ಕೆಡುತ್ತಿದೆ ಎಂಬ ಎರಡು ಎಚ್ಚರಿಕೆಗಳು ಹೊರಟಿದ್ದವು. ಎರಡೂ ಅವನಿಗೆ ತಲುಪಲಿಲ್ಲ.

ಆದರೂ ಹೊರಟದ್ದೇ ಅವಿವೇಕ ಎಂದಿತು ವರದಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ‘ಇವತ್ತು ಬೇಡ’ ಎನ್ನುವ ಅಧಿಕಾರ ಇರುವುದು ಆ ಕುರ್ಚಿಗೇ. ಆದರೆ ಆ ಮಾತು ಬಾಯಿಗೆ ಬರುವುದು ಎಷ್ಟು ಕಷ್ಟ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. 21 ವರ್ಷ, ಸಂಬಳದ ಕೆಲಸ, ಚಳಿಯಲ್ಲಿ ಬ್ಯಾಗು ಹಿಡಿದು ನಿಂತ ಹೆಸರಾಂತ ಗಾಯಕರು. ಸಾಲಾಗಿ ಬಂದು ಕೂತ ಇಷ್ಟೂ ಸಂಗತಿಗಳನ್ನು ‘ಪೈಲಟ್ ತಪ್ಪು’ ಎಂಬ ಎರಡು ಪದ ಒಂದೇ ಏಟಿಗೆ ಬಾಗಿಲಾಚೆ ಕಳಿಸಿಬಿಡುತ್ತದೆ. ಸತ್ತವನು ಎದುರಾಡುವುದಿಲ್ಲ. ಬದುಕಿರುವ ನಾವೆಲ್ಲ ನಿರಾಳ.

ಆ ಹೊಲದಲ್ಲಿ 1988ರಲ್ಲಿ ಅಭಿಮಾನಿಯೊಬ್ಬರು ಉಕ್ಕಿನ ಸ್ಮಾರಕ ನಿಲ್ಲಿಸಿದರು: ಒಂದು ಗಿಟಾರು, ಮೂವರು ಗಾಯಕರಿಗೆ ಮೂರು ಧ್ವನಿಮುದ್ರಿಕೆ. ನಾಲ್ಕನೆಯವನಿಗೆ ಅಲ್ಲಿ ಜಾಗವಿರಲಿಲ್ಲ. ಪೈಲಟ್‌ಗಳು ಎದೆಯ ಮೇಲೆ ಧರಿಸುವ ರೆಕ್ಕೆಗಳ ಆಕಾರದಲ್ಲಿ ಪೀಟರ್‌ಸನ್‌ನ ಹೆಸರಿಗೂ ಒಂದು ಸ್ಮಾರಕ ಅಲ್ಲಿಗೆ ಬಂದದ್ದು 2009ರಲ್ಲಿ, ಅವನು ಸತ್ತು ಐವತ್ತು ವರ್ಷದ ಮೇಲೆ.