ಇಂಪು ಎಲ್ಲಿದೆ?

ವಾಲ್ವ್ ಆಂಪ್ಲಿಫೈಯರಿನಲ್ಲಿ ಗ್ರಿಡ್ಡಿನ ಬಯಾಸ್ ವೋಲ್ಟೇಜು, ಸಂಗೀತ ಇಲ್ಲದಾಗಲೂ ಎಷ್ಟು ವಿದ್ಯುತ್ ಹರಿಯಬೇಕೆಂದು ಗೊತ್ತುಮಾಡುತ್ತದೆ. ಒಂಟಿ ಟ್ರಯೋಡ್ ವಾಲ್ವಿನಲ್ಲಿ ಹರಿವು ಎಂದೂ ಕಡಿಯದಂತೆ ಇಟ್ಟರೆ ಮೂಲಸ್ವರಕ್ಕೆ ಸೇರುವುದು ಹೆಚ್ಚಾಗಿ ಎರಡನೆಯ ಹಾರ್ಮೋನಿಕ್. ಷಡ್ಜಕ್ಕೆ ತಾರಷಡ್ಜ ಸೇರಿದಂತೆ, ಕಿವಿಗೆ ಅದು ಪರಕೀಯವಲ್ಲ. ಅಲೆಯನ್ನು ಅರ್ಧರ್ಧ ಹಂಚಿಕೊಳ್ಳುವ ಜೋಡಿ ವಾಲ್ವುಗಳಲ್ಲಿ ಹರಿವನ್ನು ತೀರಾ ತಗ್ಗಿಸಿದರೆ, ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಅಲೆ ಮುರಿದು ಮೆಲುದನಿಯೇ ಮೊದಲು ಒರಟಾಗುತ್ತದೆ. ಮೀಟರಿಗೆ ಎರಡೂ ವಿಕೃತಿಯೇ.

ಹಾಗಾದರೆ ಇಂಪು ಯಾರದು? 17ನೇ ಶತಮಾನದ ತತ್ತ್ವಜ್ಞಾನಿ ಜಾನ್ ಲಾಕ್ ಪ್ರಕಾರ ವಸ್ತುವಿನಲ್ಲಿರುವುದು ಧ್ವನಿಯ ಅನುಭವ ಹುಟ್ಟಿಸುವ ಶಕ್ತಿ ಮಾತ್ರ. ನ್ಯಾಯ-ವೈಶೇಷಿಕರಿಗೆ ಶಬ್ದ ಆಕಾಶದ ಗುಣ, ಸುಖ ಆತ್ಮದ ಗುಣ. ಇಲ್ಲಿ ಈ ವಿಂಗಡಣೆಯೇ ಹೆಚ್ಚು ಒದಗುತ್ತದೆ: ಬಯಾಸ್ ಬದಲಿಸುವುದು ಶಬ್ದವನ್ನು, ಸುಖವನ್ನಲ್ಲ. ಒಂಟಿ ವೀಣೆಗೆ ಹಿತವಾದ ಅದೇ ವಿಕೃತಿ ದೊಡ್ಡ ವಾದ್ಯವೃಂದವನ್ನು ಕಲಸಿಬಿಡುತ್ತದೆ.