ಆಟದ ಬಯಲೂ ಅಭಯದಾನವೇ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆಯೆಂಬುದನ್ನು ಶ್ರಾವಕರೆಲ್ಲರೂ ಬಲ್ಲರು. ಬಡಮಕ್ಕಳ ಶಾಲೆಯೊಂದರಲ್ಲಿ ಆಟದ ತಂಡ ಕಟ್ಟಲು ನೀಡುವ ಧನ ಇವುಗಳಲ್ಲಿ ಯಾವುದಕ್ಕೆ ಸಲ್ಲುತ್ತದೆ? ಪುಸ್ತಕಕ್ಕೆ ಸಲ್ಲಬೇಕಾದ ಹಣವನ್ನು ಚೆಂಡಿಗೆ ವ್ಯಯಿಸುವುದು ಪ್ರಮಾದವಲ್ಲವೇ? ಸ್ಪರ್ಧೆಯಿಂದ ಮಾನಕಷಾಯ ಬೆಳೆಯದೇ?

ಬೆಂಗಳೂರು ದಂಡುಪ್ರದೇಶದ ಚರಿತ್ರೆ ಇಲ್ಲಿ ವಿಚಾರಾರ್ಹವಾಗಿದೆ. ಬ್ರಿಟಿಷ್ ಸೈನಿಕರ ಆಟವಾಗಿದ್ದ ಫುಟ್‌ಬಾಲನ್ನು ಸುತ್ತಲಿನ ಶ್ರಮಿಕರ ಕೇರಿಗಳು ತಮ್ಮದಾಗಿಸಿಕೊಂಡವು. 1891ರಲ್ಲಿ ಆರಂಭವಾದ ಮುಂಬಯಿಯ ರೋವರ್ಸ್ ಕಪ್ ದಶಕಗಳ ಕಾಲ ಸೇನಾತಂಡಗಳ ಪಾಲಾಗುತ್ತಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳೊಡನೆ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ಇದೆ. ಬಡತನದಲ್ಲಿ ಬೆಳೆದ ಆ ಕಪ್ಪುವರ್ಣದ ಆಟಗಾರನಲ್ಲಿ ಕೇರಿಯ ಮಕ್ಕಳು ಕಾಣುವುದು ತಲೆಯೆತ್ತಿ ನಿಲ್ಲುವ ಧೈರ್ಯವನ್ನಲ್ಲದೆ ಮತ್ತೇನನ್ನು?

ತಾನು ಕೀಳೆಂಬ ಅಳುಕೂ ಒಂದು ಭಯವೇ. ಅದನ್ನು ನೀಗಿಸುವ ಆಟದ ಬಯಲು ಅಭಯದಾನಕ್ಕೆ ಸೇರುತ್ತದೆ. ಸಮಭಾವ ಕಲಿಸುವ ಗುರುವಿದ್ದರೆ ಸೋಲುಗೆಲುವುಗಳೇ ಮಾನವನ್ನು ಮಣಿಸುವ ಅಭ್ಯಾಸವಾಗುತ್ತವೆ. ಚರ್ಮದ ಚೆಂಡೂ ಅನಿವಾರ್ಯವಲ್ಲ. 1986ರ ವಿಶ್ವಕಪ್ಪನ್ನೇ ಕೃತಕ ವಸ್ತುವಿನ ಚೆಂಡಿನಿಂದ ಆಡಲಾಯಿತು.

ಆದರೆ ದಾನಿಗೂ ವ್ರತವುಂಟು. ಮಕ್ಕಳ ಅಂಗಿಯ ಮೇಲೆ ತನ್ನ ಹೆಸರನ್ನು ಬರೆಸಿದರೆ ಮಾನಕಷಾಯ ಅವನಲ್ಲೇ ಬೆಳೆಯುತ್ತದೆ. ಉತ್ಸಾಹದಿಂದ ತಂಡ ಕಟ್ಟಿ ಮರುವರ್ಷ ಕೈಬಿಟ್ಟರೆ ಕೊಟ್ಟ ಅಭಯವನ್ನೇ ಕಸಿದುಕೊಂಡಂತೆ. ಆದುದರಿಂದ ಆರಂಭಿಸುವ ಮುನ್ನ ಎಷ್ಟು ವರ್ಷ ನಡೆಸಬಲ್ಲೆವೆಂಬುದನ್ನು ಧರ್ಮದರ್ಶಿಗಳು ತಮ್ಮ ಆತ್ಮಸಾಕ್ಷಿಯನ್ನೇ ಕೇಳಿಕೊಳ್ಳಬೇಕು.