ಲಾಭ, ಎರಡು, ಮೂರು

ಲಕ್ವ ಹೊಡೆದು ಬಾಯಿ ಕಟ್ಟಿದರೆ ನಮ್ಮ ಕಡೆ ‘ಮಾತು ಬಿದ್ದುಹೋಯಿತು’ ಎನ್ನುತ್ತಾರೆ. ಮರದಿಂದ ಹಣ್ಣು ಬಿದ್ದಂತೆ. ಬಿದ್ದದ್ದು ಮತ್ತೆ ಕೊಂಬೆ ಹತ್ತುವುದಿಲ್ಲ. ಅಮ್ಮನಿಗೆ ಹಾಗಾದಾಗ ನೋಡಲು ಬಂದವರು ಕೈ ಹಿಡಿದು, ‘ಯಾವುದು ತಾನೇ ಶಾಶ್ವತ?’ ಎಂದು ಸಮಾಧಾನ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅನಿತ್ಯವೆಂಬ ದೊಡ್ಡ ಮಾತು ನಮಗೆ ಕೈಚೆಲ್ಲುವಾಗ ಮಾತ್ರ ಏಕೆ ನೆನಪಾಗುತ್ತದೆ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಹೀಗೆ ಮಾತು ಬೀಳುವುದನ್ನು ವೈದ್ಯರು ಅಫೇಸಿಯಾ ಎನ್ನುತ್ತಾರೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮಿದುಳಿನ ಎಡಭಾಗದ್ದು. ಅಲ್ಲಿ ರಕ್ತ ಹರಿಯುವುದು ನಿಂತರೆ ಬಲಗೈ ಬಲಗಾಲಿನ ಜೊತೆ ಮಾತೂ ಸೋಲುತ್ತದೆ. ಕೆಲವರಿಗೆ ಕೇಳಿದ್ದೂ ತಿಳಿಯದು. ಅಮ್ಮನಿಗೆ ತಿಳಿಯುತ್ತಿತ್ತು, ಹೇಳಲು ಪದ ಸಿಗುತ್ತಿರಲಿಲ್ಲ. ಮಾತಿಗೆ ಪಶ್ಯಂತೀ, ಮಧ್ಯಮಾ, ವೈಖರೀ ಎಂಬ ಮೂರು ನೆಲೆಗಳಿವೆ ಎಂದವನು ವೈಯಾಕರಣ ಭರ್ತೃಹರಿ. ಕಿವಿಗೆ ಬೀಳುವುದು ಕೊನೆಯದು ಮಾತ್ರ. ಅಮ್ಮನ ಕೈತಪ್ಪಿದ್ದು ಅದೊಂದೇ. ಅದರ ಹಿಂದಿನ ಅಮ್ಮ ಎಲ್ಲಿಗೂ ಹೋಗಿರಲಿಲ್ಲ.

ಇದು ಅರಿವಾಗುವ ಮೊದಲು ನಾನೊಂದು ತಪ್ಪು ಮಾಡಿದೆ. ನೆಂಟರ ಮುಂದೆ ಲೋಟ ಎತ್ತಿ ಹಿಡಿದು, ‘ಅಮ್ಮಾ, ಇದೇನು? ಹೇಳು ನೋಡೋಣ’ ಎನ್ನುತ್ತಿದ್ದೆ. ಜೀವನವಿಡೀ ಲೋಟ ತೊಳೆದು ಜೋಡಿಸಿದವಳು ತುಟಿ ಅದುರಿಸಿ, ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ವ್ಯಾಯಾಮವೂ ಬೇಡ, ಊಟವೂ ಸಾಕು. ಹಟವೆಂದುಕೊಂಡೆ. ಪಾರ್ಶ್ವವಾಯುವಾದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಹಿಡಿಯುತ್ತದೆ, ಅದಕ್ಕೆ ಚಿಕಿತ್ಸೆ ಇದೆ ಎಂದು ವೈದ್ಯರು ಹೇಳಿದ ಮೇಲೆ ನನ್ನ ಮಾತಿನ ಮೇಲೇ ನನಗೆ ನಾಚಿಕೆಯಾಯಿತು.

ಒಂದು ಬೆಳಿಗ್ಗೆ ಏನನ್ನೂ ಕೇಳದೆ ಅಕ್ಕಿ ಡಬ್ಬಿಯನ್ನೂ ಪಾವನ್ನೂ ಅವಳ ಮುಂದಿಟ್ಟೆ. ಎಡಗೈಯಿಂದ ಪಾವು ತುಂಬಿದಳು, ಪಾತ್ರೆಗೆ ಸುರಿದಳು. ‘ಲಾಭ’ ಎಂದಳು. ಮತ್ತೊಂದು ತುಂಬಿದಳು: ‘ಎರಡು’. ಮತ್ತೆ: ‘ಮೂರು’. ನೀರು ಬೇಕೆನ್ನಲಾಗದವಳ ಬಾಯಲ್ಲಿ ಅಜ್ಜಿಯಿಂದ ಬಂದ ಎಣಿಕೆ ಹಾಗೇ ಇತ್ತು. ಅಳೆಯುವಾಗ ಒಂದು ಎನ್ನಬಾರದು, ಲಾಭ ಎನ್ನಬೇಕು ಎಂಬ ಮರ್ಯಾದೆಯೂ ಉಳಿದಿತ್ತು.

ಎಣಿಕೆ, ವಾರದ ಹೆಸರು, ದೇವರನಾಮ ಹೀಗೆ ಸರಪಳಿಯಂತೆ ಬರುವ ಮಾತು ಅಫೇಸಿಯಾದಲ್ಲೂ ಎಷ್ಟೋ ಸಲ ಉಳಿಯುತ್ತದೆ. ಅದನ್ನೇ ಮೆಟ್ಟಿಲು ಮಾಡಿಕೊಂಡು ಮುಂದಿನ ಪದಕ್ಕೆ ಹೋಗಬಹುದು ಎಂದು ವಾಕ್ ಚಿಕಿತ್ಸಕಿ ತೋರಿಸಿಕೊಟ್ಟರು. ಮರುದಿನ ‘ಲಾಭ’ ಬರಲಿಲ್ಲ. ನಾಲ್ಕನೆಯ ದಿನ ಬಂತು. ಬಂದದ್ದೂ ನಿಲ್ಲದು, ಬಾರದ್ದೂ ಹಾಗೇ ಉಳಿಯದು. ಮಿದುಳು ಮೊದಲ ಕೆಲವು ತಿಂಗಳು ಬೇಗ ಚೇತರಿಸಿಕೊಳ್ಳುತ್ತದೆ; ಅಭ್ಯಾಸವಿದ್ದರೆ ವರ್ಷಗಳ ನಂತರವೂ ಕಲಿಯುತ್ತದೆ. ಅನಿತ್ಯವೆಂದರೆ ಅಳಿಯುವುದಷ್ಟೇ ಅಲ್ಲ. ಇವತ್ತಿನ ಮೌನಕ್ಕೂ ಅದೇ ನಿಯಮ.

ಸ್ವೀಡನ್ನಿನ ಕವಿ ತೊಮಾಸ್ ಟ್ರಾನ್ಸ್‌ಟ್ರೋಮರ್‌ಗೆ 1990ರಲ್ಲಿ ಪಾರ್ಶ್ವವಾಯುವಾಗಿ ಮಾತು ಹೆಚ್ಚುಕಡಿಮೆ ನಿಂತೇಹೋಯಿತು. ಬಲಗೈ ಸೋತ ಮೇಲೆ ಎಡಗೈಯೊಂದರಿಂದಲೇ ಪಿಯಾನೋ ನುಡಿಸಿದ. 1996ರಲ್ಲಿ ಹೊಸ ಕವನ ಸಂಕಲನ ತಂದ. 2011ರಲ್ಲಿ ನೊಬೆಲ್ ಪಡೆದ. ಹಳೆಯ ಮಾತು ಅವನಿಗೆ ಮರಳಲಿಲ್ಲ, ಬೇರೆ ದಾರಿಗಳು ತೆರೆದವು. ನಾನೂ ಒಂದನ್ನು ಬಿಡಬೇಕಾಯಿತು: ಹಿತ್ತಲಿನಿಂದ ಹೆಸರು ಹಿಡಿದು ಕೂಗುತ್ತಿದ್ದ ಅಮ್ಮನ ಹಳೆಯ ದನಿಯನ್ನು. ಅದೇ ಬೇಕೆಂದು ನಾನು ಕಾದಷ್ಟು ದಿನ ಅವಳ ಹೊಸ ದನಿ ನನಗೆ ಕೇಳಿಸಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಪರೀಕ್ಷೆ ಮಾಡಬೇಡಿ. ಟಿವಿ ಆರಿಸಿ, ಎದುರು ಕೂತು, ಚಿಕ್ಕ ವಾಕ್ಯದಲ್ಲಿ ಮಾತಾಡಿ. ಬದನೆಕಾಯಿಯನ್ನೂ ಬೆಂಡೆಕಾಯಿಯನ್ನೂ ತೋರಿಸಿ ಯಾವುದು ಬೇಕೆಂದು ಕೇಳಿ. ಅವರು ಬೆರಳು ತೋರಿಸಿದ್ದನ್ನೇ ಅಡುಗೆ ಮಾಡಿ. ಅವರಿಗೆ ಗೊತ್ತಿರುವ ಕೆಲಸವನ್ನು ಅವರ ಕೈಗೇ ಕೊಡಿ. ಪದ ತಡವರಿಸಿದಾಗ ನೀವು ಮುಗಿಸಿಕೊಡಬೇಡಿ. ಕಾಯಿರಿ.